ಹಳೆಯ ಕನ್ನಡ ಸಿನಿಮಾದಲ್ಲಿ ಅದರ ಕಾಲವನ್ನು ಓದುವುದು ಹೇಗೆ?

ಟಿವಿಯಲ್ಲಿ ಕಪ್ಪು-ಬಿಳುಪು ಸಿನಿಮಾ ಬಂದರೆ ಮನೆಯಲ್ಲಿ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: "ಆಗಿನ ಕಾಲ ಹಾಗಿತ್ತು ನೋಡು." ಈ ಮಾತು ಪೂರ್ತಿ ತಪ್ಪಲ್ಲ. ಆದರೆ ಪರದೆ ಮೇಲೆ ಕಂಡದ್ದೆಲ್ಲ ಆ ಕಾಲದ ಬದುಕಲ್ಲ. ಸ್ಟುಡಿಯೋದಲ್ಲಿ ಕಟ್ಟಿದ ಮನೆ, ಬಾಡಿಗೆಗೆ ತಂದ ಕಾರು, ಸೆನ್ಸಾರ್ ಒಪ್ಪಿದ ಮಾತು, ಜನ ಕಾಸು ಕೊಟ್ಟು ನೋಡಲಿ ಎಂದು ಹೆಣೆದ ಕನಸು, ಇವೆಲ್ಲ ಸೇರಿ ಒಂದು ಸಿನಿಮಾ. ಹಾಗಿದ್ದೂ ಅದರೊಳಗೆ ಅದರ ಕಾಲ ಇದ್ದೇ ಇರುತ್ತದೆ. ಎಷ್ಟೋ ಸಲ ನಿರ್ದೇಶಕರು ತೋರಿಸಲು ಹೊರಟ ಜಾಗದಲ್ಲಿ ಅಲ್ಲ, ಅವರು ಗಮನವನ್ನೇ ಕೊಡದ ಮೂಲೆಯಲ್ಲಿ.

ಈ ಮೂಲೆಗಳನ್ನು ಹುಡುಕುವುದು ಕಲಿತರೆ ಬರುತ್ತದೆ. ಸಿನಿಮಾ ಓದಿದವರೇ ಆಗಬೇಕಿಲ್ಲ. ಒಂದು ನೋಟ್‌ಬುಕ್, ಒಂದು ಪೆನ್ನು, ಆಗಾಗ ಸಿನಿಮಾ ನಿಲ್ಲಿಸಿ ನೋಡುವಷ್ಟು ತಾಳ್ಮೆ ಸಾಕು. ಉದಾಹರಣೆಗೆ ಕನ್ನಡ ಚಿತ್ರಗಳನ್ನೇ ತೆಗೆದುಕೊಂಡಿದ್ದೇನೆ. ಅದರಲ್ಲೂ 1954ರಿಂದ 1980ರ ದಶಕದ ಆರಂಭದವರೆಗಿನವು ಜಾಸ್ತಿ. ಆ ವರ್ಷಗಳಲ್ಲಿ ನಮ್ಮ ರಾಜ್ಯವೂ ಬದಲಾಯಿತು, ಸಿನಿಮಾವೂ ಬದಲಾಯಿತು.

1. ಮೊದಲ ಸಲ ಸುಮ್ನೆ ನೋಡಿ

ಬರೆಯಬೇಡಿ, ನಿಲ್ಲಿಸಬೇಡಿ. ಅಳು ಬಂದರೆ ಅಳಿ, ನಗು ಬಂದರೆ ನಗಿ. ಮುಗಿದ ಮೇಲೆ ಎರಡೇ ಸಂಗತಿ ಗುರುತು ಹಾಕಿಕೊಳ್ಳಿ. ಯಾವ ದೃಶ್ಯ ಇವತ್ತಿಗೂ ತಾಕಿತು? ಯಾವ ದೃಶ್ಯ ವಿಚಿತ್ರ ಅನಿಸಿತು, ಅಥವಾ ಸಿಟ್ಟು ಬರಿಸಿತು? ಮುಂದೆ ಈ ಎರಡನೆಯದೇ ಹೆಚ್ಚು ಕೆಲಸಕ್ಕೆ ಬರುತ್ತದೆ. ನಿಮಗೆ ವಿಚಿತ್ರ ಅನಿಸಿದ ಕಡೆ ಅಂದಿನ ಪ್ರೇಕ್ಷಕರು ತಲೆಯಾಡಿಸಿದ್ದರೆ, ಆ ಕಾಲಕ್ಕೂ ನಿಮ್ಮ ಕಾಲಕ್ಕೂ ನಡುವಿನ ಅಂತರ ಅಲ್ಲೇ ಇದೆ.

2. ಮೂರು ಇಸವಿ ಬರೆದುಕೊಳ್ಳಿ

ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇರುವುದು ಈ ಹೆಜ್ಜೆಯಲ್ಲಿ. ಕಥೆ ನಡೆಯುವ ಕಾಲ ಯಾವುದು? ಕಾದಂಬರಿಯೋ ನಾಟಕವೋ ಮೂಲವಾಗಿದ್ದರೆ ಅದನ್ನು ಬರೆದ ವರ್ಷ ಯಾವುದು? ಸಿನಿಮಾ ತೆರೆಗೆ ಬಂದ ವರ್ಷ ಯಾವುದು? ಈ ಮೂರನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ಆಮೇಲೆ ಮೂರನೆಯ ಇಸವಿಯ ಸುತ್ತ ನಾಡಿನಲ್ಲಿ ಏನೇನು ನಡೆಯುತ್ತಿತ್ತು ಎಂದು ನೋಡಿ.

'ಚೋಮನ ದುಡಿ'ಯನ್ನು ತೆಗೆದುಕೊಳ್ಳೋಣ. ಶಿವರಾಮ ಕಾರಂತರ ಕಾದಂಬರಿ ಬಂದದ್ದು 1933ರಲ್ಲಿ. ಬಿ.ವಿ. ಕಾರಂತರ ಸಿನಿಮಾ ಬಂದದ್ದು 1975ರಲ್ಲಿ. ನಡುವೆ ನಾಲ್ಕು ದಶಕ ಕಳೆದಿದೆ. ಕಥೆ ಬ್ರಿಟಿಷರ ಕಾಲದ ದಕ್ಷಿಣ ಕನ್ನಡದ್ದು. ಚೋಮ ಜೀತದ ಆಳು. ಒಂದು ತುಂಡು ನೆಲವನ್ನು ತಾನೇ ಉಳಬೇಕು ಎಂಬುದಷ್ಟೇ ಅವನ ಆಸೆ. ಅವನ ಜಾತಿಯವರಿಗೆ ಆ ಹಕ್ಕಿಲ್ಲ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಮಗ ನೀರಿನಲ್ಲಿ ಮುಳುಗುವಾಗ ಮುಟ್ಟಿ ಎತ್ತುವವರೂ ಇಲ್ಲ.

ಈಗ ಮೂರನೆಯ ಇಸವಿಗೆ ಬನ್ನಿ. 1975ರ ಕರ್ನಾಟಕದಲ್ಲಿ ಜನರ ಬಾಯಲ್ಲಿದ್ದ ಘೋಷಣೆ 'ಉಳುವವನೇ ಹೊಲದೊಡೆಯ'. ದೇವರಾಜ ಅರಸು ಮುಖ್ಯಮಂತ್ರಿ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಿತ್ತು. ಗೇಣಿದಾರರು, ಅಂದರೆ ಬೇರೆಯವರ ನೆಲವನ್ನು ಗೇಣಿ ಕೊಟ್ಟು ಉಳುವವರು, ಡಿಕ್ಲರೇಷನ್ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ತಾವು ಉಳುತ್ತಿದ್ದ ನೆಲವನ್ನು ಕೇಳುತ್ತಿದ್ದರು. ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ (ದನದ ಮೇವು) ಎಂಬ ದಲಿತ ಸಚಿವ ಬಸವಲಿಂಗಪ್ಪನವರ ಮಾತಿನಿಂದ 1973ರಲ್ಲಿ ಎದ್ದ ಬೂಸಾ ಗಲಾಟೆ ಇನ್ನೂ ಹಸಿಯಾಗಿತ್ತು. ದಲಿತ ಯುವಕರು ಸಂಘಟನೆ ಕಟ್ಟುತ್ತಿದ್ದರು. 1975ರ ಅಕ್ಟೋಬರಿನಲ್ಲಿ ಜೀತ ಪದ್ಧತಿಯನ್ನು ರದ್ದು ಮಾಡುವ ಸುಗ್ರೀವಾಜ್ಞೆ ದೆಹಲಿಯಿಂದ ಬಂತು. ಅಂದರೆ 'ಚೋಮನ ದುಡಿ' ಹಳೆಯ ಕಥೆಯ ಹೆಸರಿನಲ್ಲಿ ಆ ವರ್ಷದ ಬಿಸಿ ಪ್ರಶ್ನೆಯನ್ನೇ ಹಿಡಿದಿತ್ತು.

ಇಲ್ಲಿ ಇನ್ನೂ ಒಂದು ಹೆಜ್ಜೆ ಆಳಕ್ಕೆ ಹೋಗಿ. ಅರಸು ಕಾಲದ ಕಾನೂನು ಭೂಮಿ ಕೊಟ್ಟದ್ದು ಮುಖ್ಯವಾಗಿ ಗೇಣಿದಾರರಿಗೆ. ಚೋಮ ಗೇಣಿದಾರನಲ್ಲ. ಅವನು ಬರೀ ಆಳು. ಅವನ ಹೆಸರಿನಲ್ಲಿ ಗೇಣಿ ಚೀಟಿ ಇಲ್ಲ, ಡಿಕ್ಲರೇಷನ್ ಹಾಕಲು ಆಧಾರವೂ ಇಲ್ಲ. 1975ರಲ್ಲಿ ಅವನು ಬದುಕಿದ್ದರೂ ಆ ಕಾನೂನಿನಿಂದ ಅವನ ಕೈಗೆ ನೆಲ ಬರುವುದು ಕಷ್ಟವಿತ್ತು. ಭೂಸುಧಾರಣೆಯ ಸಂಭ್ರಮದ ನಡುವೆ ಕೂತು ಈ ಸಿನಿಮಾ ನೋಡಿದವರಿಗೆ ಚೋಮ ಬಾರಿಸುವ ದುಡಿ ಎಂಬ ಚರ್ಮವಾದ್ಯದ ಸದ್ದು ಹೇಗೆ ಕೇಳಿಸಿರಬಹುದು ಎಂದು ಯೋಚಿಸಿ. ಈ ಪ್ರಶ್ನೆ ಕಾದಂಬರಿಯಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಸಿನಿಮಾ ಬಂದ ಇಸವಿ ಅದನ್ನು ಹುಟ್ಟಿಸಿತು. ಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂತು, ಚೋಮನ ಪಾತ್ರಕ್ಕೆ ಎಂ.ವಿ. ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು. ಹಳೆಯ ದುಃಖದ ಕಥೆ ಎಂದುಕೊಂಡು ನೋಡಿದರೆ ಮಾತ್ರ ಈ ಅರ್ಧ ಭಾಗ ಕೈತಪ್ಪುತ್ತದೆ.

ಇಸವಿ ಹುಡುಕುವಾಗ ಒಂದು ಎಚ್ಚರ ಬೇಕು. ಹಳೆಯ ಚಿತ್ರಗಳಿಗೆ ಕೆಲವೊಮ್ಮೆ ಎರಡು ವರ್ಷ ಕಾಣುತ್ತವೆ. ಒಂದು ಸೆನ್ಸಾರ್ ಆದದ್ದು, ಇನ್ನೊಂದು ಬಿಡುಗಡೆಯಾದದ್ದು. ಡಿಸೆಂಬರ್‌ನಲ್ಲಿ ಸರ್ಟಿಫಿಕೇಟ್ ಸಿಕ್ಕಿ ಜನವರಿಯಲ್ಲಿ ತೆರೆಗೆ ಬಂದರೆ ಹೀಗಾಗುತ್ತದೆ. ಎರಡನ್ನೂ ಬರೆದಿಟ್ಟುಕೊಳ್ಳಿ.

3. ಎರಡನೇ ಸಲ ಹಿನ್ನೆಲೆಯನ್ನು ಮಾತ್ರ ನೋಡಿ

ಈ ಸಲ ನಾಯಕ ನಾಯಕಿಯನ್ನು ಬಿಟ್ಟುಬಿಡಿ. ಅವರ ಹಿಂದೆ ಇರುವ ಗೋಡೆ, ಬೀದಿ, ಬೋರ್ಡು, ಬಸ್ಸು, ಅಡುಗೆಮನೆ ನೋಡಿ. ಹೊರಾಂಗಣ ದೃಶ್ಯಗಳಲ್ಲಿ ಜಾಸ್ತಿ ಸಿಗುತ್ತದೆ.

ಕಾರು ಬಂದರೆ ತಕ್ಷಣ ನಂಬರ್ ಪ್ಲೇಟ್ ಓದಿ. ಕಥೆ ಬೆಂಗಳೂರಿನದು ಎನ್ನುತ್ತಾರೆ, ಆದರೆ ಕಾರಿನ ನಂಬರ್ 'ಎಂಎಸ್' ಎಂದು ಶುರುವಾಗುತ್ತದೆ. ಅದು ಮದ್ರಾಸ್ ರಾಜ್ಯದ ಗಾಡಿ. ಆ ದೃಶ್ಯ ಚಿತ್ರೀಕರಣವಾದದ್ದು ಮದ್ರಾಸಿನಲ್ಲೇ ಇರಬೇಕು ಎಂಬ ಊಹೆಗೆ ಇದು ಬಲವಾದ ಸುಳಿವು. 'ಎಂವೈ' ಇದ್ದರೆ ಹಳೆಯ ಮೈಸೂರು ರಾಜ್ಯದ ನೋಂದಣಿ. 'ಕೆಎ' ಬಂದದ್ದು 1989ರ ನಂತರ.

ಕಚೇರಿಯ ಬೋರ್ಡಿನಲ್ಲಿ 'ಮೈಸೂರು ಸರ್ಕಾರ' ಎಂದಿದ್ದರೆ ಅದು 1973ರ ನವೆಂಬರ್ 1ಕ್ಕೆ ಮೊದಲಿನದು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು ಅಂದು. 'ನಯಾ ಪೈಸೆ' ಎಂಬ ಮಾತು ಕೇಳಿದರೆ 1957ರ ಏಪ್ರಿಲ್ ನಂತರದ ಕಥೆ. ಹಾಗಂತ 'ನಾಲ್ಕಾಣೆ' ಎಂದ ಕೂಡಲೇ ಅದಕ್ಕಿಂತ ಹಿಂದಿನದು ಎಂದು ತೀರ್ಮಾನಿಸಬೇಡಿ. ಲೆಕ್ಕ ಬದಲಾದರೂ ಆಣೆ ಜನರ ಬಾಯಿಂದ ಹೋಗಲು ಬಹಳ ವರ್ಷ ಹಿಡಿಯಿತು. ಗೋಡೆ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಕಂಡರೆ 1960ರ ದಶಕದ ಕೊನೆ ಅಥವಾ ಅದರ ನಂತರ. ಬೆಂಗಳೂರಿನ ಮಧ್ಯಮ ವರ್ಗದ ಹಜಾರದಲ್ಲಿ ಟಿವಿ ಕಂಡರೆ ಬಹುತೇಕ 1981ರ ನಂತರ. ದೂರದರ್ಶನ ಕೇಂದ್ರ ಇಲ್ಲಿಗೆ ಬಂದದ್ದು ಆ ವರ್ಷ. ರಸ್ತೆಯಲ್ಲಿ ಮಾರುತಿ ಕಾರು ಕಂಡರೆ 1983ರ ಡಿಸೆಂಬರ್ ಆದಮೇಲೆ.

ಸಿನಿಮಾ ಶುರುವಾಗುವ ಮುಂಚೆ ಬರುವ ಸೆನ್ಸಾರ್ ಸರ್ಟಿಫಿಕೇಟನ್ನು ದಾಟಿಸಬೇಡಿ. ದಿನಾಂಕ ಇರುತ್ತದೆ, ಎಷ್ಟು ರೀಲು ಎಂದಿರುತ್ತದೆ, ಉದ್ದ ಇರುತ್ತದೆ. ಅದರಲ್ಲಿ 'ಯು/ಎ' ಎಂದಿದ್ದರೆ ಸರ್ಟಿಫಿಕೇಟು 1983ರ ನಂತರದ್ದು, ಅದಕ್ಕೆ ಮೊದಲು ಆ ದರ್ಜೆಯೇ ಇರಲಿಲ್ಲ. ರೀಲಿನ ಲೆಕ್ಕಕ್ಕೂ ನೀವು ನೋಡುತ್ತಿರುವ ಪ್ರತಿಯ ಅವಧಿಗೂ ಹೊಂದಿಕೆಯಾಗದಿದ್ದರೆ ಎಲ್ಲೋ ಕತ್ತರಿ ಬಿದ್ದಿದೆ ಎಂದು ತಿಳಿಯಿರಿ. ಇಂಟರ್ನೆಟ್ಟಿನಲ್ಲಿ ಸಿಗುವ ಎಷ್ಟೋ ಪ್ರತಿಗಳಲ್ಲಿ ಹಾಡು ಹಾರಿಸಿರುತ್ತಾರೆ. ಬಣ್ಣದ ಬಗ್ಗೆಯೂ ಗಮನ ಇರಲಿ. 1971ರ 'ಕಸ್ತೂರಿ ನಿವಾಸ' ಕಪ್ಪು-ಬಿಳುಪಿನದು. ಅದಕ್ಕೆ ಬಣ್ಣ ತುಂಬಿ ಮತ್ತೆ ತೆರೆಗೆ ತಂದದ್ದು 2014ರಲ್ಲಿ. ಬಣ್ಣದ ಪ್ರತಿಯಲ್ಲಿ ಕಾಣುವ ಸೀರೆಯ ಬಣ್ಣ ನೋಡಿ 1971ರ ರುಚಿ ಹೀಗಿತ್ತು ಎಂದು ಬರೆಯಬಾರದು, ಅಲ್ವಾ?

4. ಸಿನಿಮಾ ವಿವರಿಸದೇ ಬಿಟ್ಟದ್ದನ್ನು ಹಿಡಿಯಿರಿ

ಕಥೆ ಹೇಳುವವರು ಪ್ರೇಕ್ಷಕರಿಗೆ ಗೊತ್ತಿಲ್ಲದ್ದನ್ನು ಮಾತ್ರ ವಿವರಿಸುತ್ತಾರೆ. ಎಲ್ಲರಿಗೂ ಗೊತ್ತಿರುವುದನ್ನು ಹಾಗೇ ಬಿಡುತ್ತಾರೆ. ಕಾಲದ ನಂಬಿಕೆ ಇರುವುದು ಈ ಬಿಟ್ಟ ಭಾಗದಲ್ಲಿ.

1967ರಲ್ಲಿ ತೆರೆಕಂಡ 'ಬೆಳ್ಳಿಮೋಡ' ನೋಡಿ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ, ಕಲ್ಪನಾ ಇಂದಿರಾ ಆಗಿದ್ದಾರೆ. ಇಂದಿರಾ ಎಸ್ಟೇಟ್ ಮಾಲೀಕರ ಒಬ್ಬಳೇ ಮಗಳು. ಅವಳನ್ನು ಮದುವೆಯಾಗಬೇಕಾದ ಮೋಹನ್ ಅವಳ ತಂದೆಯ ದುಡ್ಡಿನಲ್ಲೇ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಅವಳಿಗೆ ತಮ್ಮ ಹುಟ್ಟುತ್ತಾನೆ. ಆಸ್ತಿ ಇನ್ನು ಅವಳದಲ್ಲ ಎಂದು ತಿಳಿದ ಮೋಹನನ ಮನಸ್ಸು ಬದಲಾಗುತ್ತದೆ. ಕೊನೆಗೆ ಅವನು ಮನಸ್ಸು ತಿರುಗಿಸಿಕೊಂಡು ಬಂದಾಗ ಇಂದಿರಾ ಒಪ್ಪುವುದಿಲ್ಲ.

ನಾವೆಲ್ಲ ಮೋಹನನನ್ನು ಬೈದು ಸುಮ್ಮನಾಗುತ್ತೇವೆ. ಆದರೆ ಗಂಡು ಮಗು ಹುಟ್ಟಿದ ಕೂಡಲೇ ಮಗಳ ಪಾಲು ಹೋಯಿತು ಎಂಬುದನ್ನು ಚಿತ್ರದಲ್ಲಿ ಯಾರಾದರೂ ಪ್ರಶ್ನೆ ಮಾಡುತ್ತಾರೆಯೇ? ಇಡೀ ಕಥೆ ನಿಂತಿರುವುದೇ ಆ ಒಪ್ಪಿಗೆಯ ಮೇಲೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದದ್ದು 1956ರಲ್ಲಿ. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವನ ಸ್ವಂತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಅದು ಹೇಳಿತ್ತು. ಚಿತ್ರ ಬರುವ ಹೊತ್ತಿಗೆ ಕಾನೂನಿಗೆ ಹತ್ತು ವರ್ಷ ದಾಟಿತ್ತು. ಆದರೂ ಪ್ರೇಕ್ಷಕರಿಗೆ ಈ ಕಥೆ ಸಹಜವಾಗಿ ಕಂಡಿತು. ಪುಸ್ತಕದಲ್ಲಿದ್ದ ಕಾನೂನಿಗೂ ಮನೆಯಲ್ಲಿದ್ದ ರೂಢಿಗೂ ಎಷ್ಟು ದೂರವಿತ್ತು ಎಂದು ಯಾವ ಸರ್ಕಾರಿ ವರದಿಯೂ ಇಷ್ಟು ಚೆನ್ನಾಗಿ ಹೇಳಲಾರದು. ಇಂದಿರಾ ಆಸ್ತಿ ಕೇಳುವುದಿಲ್ಲ. ಅವಳು ಕೇಳುವುದು ಮರ್ಯಾದೆ. ಅಷ್ಟನ್ನು ಕೇಳಿದ್ದೇ ಆ ಕಾಲಕ್ಕೆ ದೊಡ್ಡದು. ಅವಳ 'ಬೇಡ' ಎಂಬ ನಿಲುವು ನನಗೆ ಇಂದಿಗೂ ಕನ್ನಡ ಸಿನಿಮಾದ ಬಹಳ ಎತ್ತರದ ಕ್ಷಣ.

ಇದೇ ಪುಟ್ಟಣ್ಣ, ಇದೇ ತ್ರಿವೇಣಿ, ಇದೇ ಕಲ್ಪನಾ ಸೇರಿದ 'ಶರಪಂಜರ' 1971ರಲ್ಲಿ ಬಂತು. ಹೆರಿಗೆಯ ನಂತರ ಮಾನಸಿಕ ಕಾಯಿಲೆಗೆ ಒಳಗಾದ ಕಾವೇರಿ ಚಿಕಿತ್ಸೆ ಪಡೆದು ಮನೆಗೆ ಮರಳುತ್ತಾಳೆ. ಕಾಯಿಲೆ ವಾಸಿಯಾಗಿದೆ, ಆದರೆ ಮನೆಯವರ ಕಣ್ಣು ವಾಸಿಯಾಗಿಲ್ಲ. ಇಲ್ಲಿ ಚಿತ್ರ ಯಾವುದನ್ನು ಬಿಡಿಸಿ ಹೇಳುತ್ತದೆ, ಯಾವುದನ್ನು ಹೇಳದೇ ಬಿಡುತ್ತದೆ ಎಂದು ಎರಡು ಕಾಲಂ ಮಾಡಿ ಬರೆಯಿರಿ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಆ ಹೆಸರಿನಲ್ಲಿ ಶುರುವಾದದ್ದೇ ಚಿತ್ರ ಬಂದ ಮೇಲೆ, 1974ರಲ್ಲಿ. ಹೆರಿಗೆಯ ನಂತರದ ಮನಸ್ಸಿನ ತೊಂದರೆಗೆ ನಮ್ಮ ಮನೆಗಳಲ್ಲಿ ಇವತ್ತಿಗೂ ಸರಿಯಾಗಿ ಮಾತಿಲ್ಲ. ಆಗ ಈ ಚಿತ್ರ ಅದನ್ನು ಮನೆಮಂದಿಯೆಲ್ಲ ಕೂತು ನೋಡುವ ಹಾಗೆ ಮುಂದಿಟ್ಟಿತು.

5. ವಿಲನ್ ಯಾರು ಎಂದು ಕೇಳಿ

ಒಂದು ಕಾಲ ಯಾರಿಗೆ ಹೆದರುತ್ತಿತ್ತು ಎಂದು ತಿಳಿಯಲು ಇದಕ್ಕಿಂತ ಸುಲಭ ದಾರಿ ಇಲ್ಲ. 1954ರ 'ಬೇಡರ ಕಣ್ಣಪ್ಪ'ದಲ್ಲಿ ಬೇಡನ ಭಕ್ತಿಗೆ ಎದುರು ನಿಲ್ಲುವವನು ಪೂಜಾರಿ. ಸಂವಿಧಾನ ಬಂದು ನಾಲ್ಕು ವರ್ಷವಾಗಿತ್ತು. ಅಸ್ಪೃಶ್ಯತೆಯನ್ನು ಅಪರಾಧವೆಂದ ಕಾಯ್ದೆ ಮರುವರ್ಷ ಬಂತು. ಇದನ್ನು ಲೆಕ್ಕ ಹಾಕಿ ಸಿನಿಮಾ ಮಾಡಿದರು ಎಂದಲ್ಲ, ಕಥೆ ಎಷ್ಟೋ ಹಳೆಯದು. ಆದರೆ ದೇವರ ಹತ್ತಿರ ಹೋಗಲು ಯಾರಿಗೆ ಹಕ್ಕು ಎಂಬ ಪ್ರಶ್ನೆ ಆಗ ಊರೂರಿನಲ್ಲಿ ಇತ್ತು, ಹಾಗಾಗಿ ಕಥೆಗೆ ಹೊಸ ಜೀವ ಬಂತು.

ಆಮೇಲಿನ ವರ್ಷಗಳಲ್ಲಿ ಸಾಹುಕಾರ ಬರುತ್ತಾನೆ, ಬಡ್ಡಿ ವಸೂಲಿ ಬರುತ್ತದೆ. 1974ರ 'ಭೂತಯ್ಯನ ಮಗ ಅಯ್ಯು' ನೋಡಿದರೆ ಸಾಲ ಒಂದು ಊರನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ ಎಂದು ಗೊತ್ತಾಗುತ್ತದೆ. 1968ರ 'ಜೇಡರ ಬಲೆ'ಯ ನಂತರ ಸಿಐಡಿ 999 ಸರಣಿಯ ಗೂಢಚಾರ ಚಿತ್ರಗಳು ಬಂದವು. ಆ ಕಾಲದ ಚಿತ್ರಗಳಲ್ಲಿ ಕಳ್ಳಸಾಗಣೆಯವನು ಮತ್ತೆ ಮತ್ತೆ ಕಾಣುತ್ತಾನೆ. ಚಿನ್ನದ ಮೇಲೆ 1963ರಿಂದ ಬಿಗಿ ನಿಯಂತ್ರಣ, ವಿದೇಶಿ ಸಾಮಾನಿಗೆ ಲೈಸೆನ್ಸ್. ಸಹಜವಾಗಿಯೇ ಸ್ಮಗ್ಲರ್ ಖಳನಾದ. ಚಿನ್ನ ನಿಯಂತ್ರಣ ಕಾಯ್ದೆ 1990ರಲ್ಲಿ ರದ್ದಾಯಿತು, ಮರುವರ್ಷ ಆರ್ಥಿಕ ನೀತಿ ಬದಲಾಯಿತು, ಈ ಖಳನೂ ಪರದೆಯಿಂದ ಮೆಲ್ಲಗೆ ಸರಿದ. 1981ರ 'ಅಂತ'ದ ಹೊತ್ತಿಗೆ ಕೇಡು ವ್ಯವಸ್ಥೆಯ ಒಳಗೇ ಬಂದು ಕೂತಿದೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಪ್ರತಿ ಚಿತ್ರದ ಪಕ್ಕ ವಿಲನ್‌ನ ಕಸುಬು ಮತ್ತು ಅವನ ಆದಾಯ ಎಲ್ಲಿಂದ ಬರುತ್ತದೆ ಎಂದು ಬರೆಯುತ್ತಾ ಹೋಗಿ. ಹತ್ತಾರು ಚಿತ್ರ ಆದ ಮೇಲೆ ಆ ಪಟ್ಟಿಯೇ ಮಾತಾಡುತ್ತದೆ.

6. ರಾಜರ ಕಥೆಯಿದ್ದರೆ ನಕ್ಷೆ ಬಿಡಿಸಿಕೊಳ್ಳಿ

ಐತಿಹಾಸಿಕ ಚಿತ್ರ ನೋಡಿ ಇತಿಹಾಸ ಕಲಿಯಲು ಹೋಗಬೇಡಿ. ಆ ವರ್ಷ ಆ ರಾಜ ಯಾಕೆ ಬೇಕಾದ ಎಂದು ಕೇಳಿ.

1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. ಅದರ ನಂತರ ಬಂದ ಚಿತ್ರಗಳನ್ನು ಸಾಲಾಗಿ ಇಡಿ. 1960ರಲ್ಲಿ 'ರಣಧೀರ ಕಂಠೀರವ', ಮೈಸೂರಿನ ದೊರೆ. 1961ರಲ್ಲಿ 'ಕಿತ್ತೂರು ಚೆನ್ನಮ್ಮ', ಮುಂಬಯಿ ಪ್ರಾಂತ್ಯದಿಂದ ಬಂದ ಸೀಮೆಯ ರಾಣಿ. 1967ರಲ್ಲಿ 'ಇಮ್ಮಡಿ ಪುಲಕೇಶಿ', ಬಾದಾಮಿ. 1970ರಲ್ಲಿ 'ಶ್ರೀ ಕೃಷ್ಣದೇವರಾಯ', ಹಂಪಿ. 1975ರಲ್ಲಿ 'ಮಯೂರ', ಬನವಾಸಿ. ಈ ಊರುಗಳನ್ನು ನಕ್ಷೆಯಲ್ಲಿ ಗುರುತು ಹಾಕಿ ನೋಡಿ. ಹೊಸ ರಾಜ್ಯದ ಒಂದೊಂದು ಭಾಗಕ್ಕೂ ಒಬ್ಬೊಬ್ಬ ವೀರ ಸಿಕ್ಕಿದ್ದಾನೆ. ಮೈಸೂರಿನವನಿಗೆ ಕಿತ್ತೂರು ತನ್ನದು ಅನಿಸಬೇಕು, ಧಾರವಾಡದವನಿಗೆ ಮೈಸೂರು ತನ್ನದು ಅನಿಸಬೇಕು. ಯಾರೂ ಕೂತು ಯೋಜನೆ ಹಾಕಿದ್ದಲ್ಲ. ಆದರೂ ಒಟ್ಟಿಗೆ ನೋಡಿದಾಗ ಒಂದು ನಾಡು ತನ್ನನ್ನು ತಾನು ಪರಿಚಯ ಮಾಡಿಕೊಳ್ಳುತ್ತಿರುವಂತೆ ನನಗೆ ಕಾಣುತ್ತದೆ.

'ರಣಧೀರ ಕಂಠೀರವ'ದ ಹಿಂದೆ ಇನ್ನೊಂದು ಕಥೆ ಇದೆ. ಕನ್ನಡ ಚಿತ್ರರಂಗಕ್ಕೆ ಕೆಲಸವೇ ಇಲ್ಲದ ದಿನಗಳಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಕೈಜೋಡಿಸಿ ಮಾಡಿದ ಚಿತ್ರ ಅದು. ನಾಡಿನ ಶಕ್ತಿಯ ಕಥೆಯನ್ನು ಹೇಳಿದವರು ತಮ್ಮ ಭಾಷೆಯ ಸಿನಿಮಾ ಉಳಿಯುತ್ತದೋ ಇಲ್ಲವೋ ಎಂಬ ಆತಂಕದಲ್ಲಿದ್ದವರು. ಅದು ಗೊತ್ತಿದ್ದು ನೋಡಿದರೆ ಮಾತುಗಳ ಭಾರವೇ ಬೇರೆ.

7. ಸಿನಿಮಾ ಎಲ್ಲಿ, ಯಾವ ದುಡ್ಡಿನಲ್ಲಿ, ಯಾರ ಅನುಮತಿಯಲ್ಲಿ ಆಯಿತು?

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ಬೆಂಗಳೂರಿನಲ್ಲಿ ತೆರೆಕಂಡಿತು. ಚಿತ್ರೀಕರಣವಾದದ್ದು ಮಾತ್ರ ಕೊಲ್ಹಾಪುರದಲ್ಲಿ. ನಂತರದ ದಶಕಗಳಲ್ಲಿ ಮದ್ರಾಸಿನ ಸ್ಟುಡಿಯೋಗಳೇ ಗತಿ. ನಟರು ಬಂದದ್ದು ಗುಬ್ಬಿ ಕಂಪನಿಯಂತಹ ನಾಟಕ ಮಂಡಳಿಗಳಿಂದ. ಹಾಗಾಗಿ 1950ರ ದಶಕದ ಚಿತ್ರಗಳಲ್ಲಿ ಮಾತು ಗಟ್ಟಿ, ಗ್ರಾಂಥಿಕ. ನಟ ಕ್ಯಾಮೆರಾ ಕಡೆ ಮುಖ ಮಾಡಿ ನಿಲ್ಲುತ್ತಾನೆ. 'ಆಗಿನ ಜನ ಹಾಗೆ ಮಾತಾಡುತ್ತಿದ್ದರು' ಎಂದು ಇದರಿಂದ ಹೇಳಲು ಬರುವುದಿಲ್ಲ. ಹಿಂದಿನ ಸಾಲಿನ ಪ್ರೇಕ್ಷಕನಿಗೂ ಕೇಳಿಸಬೇಕು ಎಂದು ಕಲಿತ ನಾಟಕದ ಗಂಟಲು ಅದು.

1960ರ ದಶಕದ ಕೊನೆಯಿಂದ ರಾಜ್ಯ ಸರ್ಕಾರದ ಸಹಾಯಧನ ಬಂತು. ಚಿತ್ರರಂಗ ನಿಧಾನವಾಗಿ ಬೆಂಗಳೂರಿಗೆ ಸರಿಯತೊಡಗಿತು. ಮಲೆನಾಡಿನ ಮಳೆ, ಚಿತ್ರದುರ್ಗದ ಬಂಡೆ, ಕೊಡಗಿನ ಬೆಟ್ಟ ಪರದೆಗೆ ಬಂದವು. 1972ರ 'ನಾಗರಹಾವು' ಚಿತ್ರದಲ್ಲಿ ಕೋಟೆಯೇ ಒಂದು ಪಾತ್ರ. ಇದನ್ನು ನಿರ್ದೇಶಕರ ಕಣ್ಣಿನ ಬದಲಾವಣೆ ಎಂದಷ್ಟೇ ನೋಡದೆ, ದುಡ್ಡು ಮತ್ತು ಜಾಗದ ಬದಲಾವಣೆ ಎಂದೂ ನೋಡಿ.

ಅನುಮತಿಯ ವಿಚಾರಕ್ಕೆ 'ಸಂಸ್ಕಾರ' ದೊಡ್ಡ ಪಾಠ. ಬ್ರಾಹ್ಮಣ ಅಗ್ರಹಾರದ ಆಚಾರವನ್ನು ಪ್ರಶ್ನಿಸುವ ಅನಂತಮೂರ್ತಿಯವರ ಕಾದಂಬರಿ 1965ರದು. ಪಟ್ಟಾಭಿರಾಮ ರೆಡ್ಡಿ ಅದನ್ನು ಚಿತ್ರ ಮಾಡಿದರು. ಗಿರೀಶ ಕಾರ್ನಾಡ, ಪಿ. ಲಂಕೇಶ್, ಸ್ನೇಹಲತಾ ರೆಡ್ಡಿ ನಟಿಸಿದರು. ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ಅದನ್ನು ತಡೆಯಿತು. ಆಮೇಲೆ ಬಿಡುಗಡೆಗೆ ಒಪ್ಪಿಗೆ ಸಿಕ್ಕಿತು. 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ತಡೆದದ್ದೂ ಅದೇ ಕಾಲ, ಮೆಚ್ಚಿದ್ದೂ ಅದೇ ಕಾಲ. ಸ್ನೇಹಲತಾ ರೆಡ್ಡಿ ಮುಂದೆ ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿಗೆ ಹೋದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಇದು ತಿಳಿದ ಮೇಲೆ ಚಂದ್ರಿಯ ಪಾತ್ರದಲ್ಲಿ ಅವರನ್ನು ನೋಡುವುದು ಬೇರೆಯದೇ ಅನುಭವ.

8. ಒಂದೇ ಚಿತ್ರದಿಂದ ಕಾಲವನ್ನು ತೀರ್ಮಾನಿಸಬೇಡಿ, ಜೋಡಿ ಮಾಡಿ

ಇಷ್ಟೆಲ್ಲ ಬರೆದದ್ದು ಈ ಮಾತು ಹೇಳಲೆಂದೇ. ಒಂದು ಕಾಲಕ್ಕೆ ಒಂದೇ ದನಿ ಇರುವುದಿಲ್ಲ. ಜನಪ್ರಿಯ ಚಿತ್ರ ಒಂದನ್ನು ನೋಡಿದರೆ, ಅದೇ ವಿಷಯದ ಮೇಲೆ ಅದೇ ವರ್ಷಗಳಲ್ಲಿ ಬಂದ ಬೇರೆ ಬಗೆಯ ಚಿತ್ರವನ್ನೂ ನೋಡಲೇಬೇಕು.

1972ರ 'ಬಂಗಾರದ ಮನುಷ್ಯ' ಮತ್ತು 1975ರ 'ಚೋಮನ ದುಡಿ'ಯನ್ನು ಪಕ್ಕಪಕ್ಕ ಇಡಿ. ಎರಡೂ ನೆಲದ ಕಥೆ. ಎರಡರ ನಡುವೆ ಮೂರೇ ವರ್ಷ.

'ಬಂಗಾರದ ಮನುಷ್ಯ'ದಲ್ಲಿ ಓದಿದ ಹುಡುಗ ರಾಜೀವ ಅಕ್ಕನ ಊರಿಗೆ ಬರುತ್ತಾನೆ, ಸಂಸಾರದ ಭಾರ ಹೊರುತ್ತಾನೆ, ಕಲ್ಲು ನೆಲವನ್ನು ಹಸನು ಮಾಡುತ್ತಾನೆ. ಇದಕ್ಕೆ ಹಿಂದಿನ ವರ್ಷಗಳನ್ನು ನೆನೆಯಿರಿ. 1960ರ ದಶಕದ ಮಧ್ಯದಲ್ಲಿ ದೇಶಕ್ಕೆ ಬರ, ಅಮೆರಿಕದಿಂದ ಗೋಧಿ. ಆಮೇಲೆ ಹಸಿರು ಕ್ರಾಂತಿ, ಹೊಸ ಬೀಜ, ಗೊಬ್ಬರ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಶುರುವಾದದ್ದು 1964ರಲ್ಲಿ. 1969ರಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣವಾದವು, ರೈತರಿಗೆ ಸಾಲ ಕೊಡಿ ಎಂದಾಯಿತು. ಓದಿದವರು ಊರು ಬಿಡುತ್ತಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ಕೈಕಟ್ಟಿ ಕೂರಬೇಡ, ಬೆವರು ಹರಿಸು, ನೆಲ ಚಿನ್ನ ಕೊಡುತ್ತದೆ ಎಂದಿತು ಈ ಚಿತ್ರ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು ಎಂಬುದು ಇಂದಿಗೂ ಜನರ ಬಾಯಲ್ಲಿದೆ. ಸಿನಿಮಾ ನೋಡಿ ಊರಿಗೆ ಮರಳಿ ಬೇಸಾಯಕ್ಕೆ ನಿಂತವರ ಮಾತೂ ಕೇಳಿಬರುತ್ತದೆ.

ಅದರ ಪಕ್ಕದಲ್ಲಿ ಚೋಮ ಕೂತಿದ್ದಾನೆ. ಅವನಿಗಿಂತ ಜಾಸ್ತಿ ಬೆವರು ಹರಿಸಿದವರು ಯಾರು? ಆದರೂ ನೆಲ ಸಿಗಲಿಲ್ಲ. ರಾಜೀವನ ಕಥೆ ನೆಲ ಇದ್ದ ಕಡೆಯಿಂದ ಶುರುವಾಗುತ್ತದೆ, ಆದ್ದರಿಂದ 'ನೆಲ ಯಾರದು' ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಚೋಮನ ಕಥೆಯಲ್ಲಿ ಆ ಪ್ರಶ್ನೆ ಬಿಟ್ಟು ಬೇರೆ ಇಲ್ಲ. 1970ರ ದಶಕದ ಕರ್ನಾಟಕ ಈ ಎರಡೂ ಹೌದು. ದುಡಿದರೆ ಬದುಕು ಬದಲಾಗುತ್ತದೆ ಎಂಬ ಭರವಸೆಯೂ ನಿಜ, ಎಷ್ಟು ದುಡಿದರೂ ಬಾಗಿಲು ತೆರೆಯದವರು ಇದ್ದದ್ದೂ ನಿಜ. ಒಂದನ್ನೇ ನೋಡಿದವರು ಕಾಲದ ಅರ್ಧವನ್ನು ಮಾತ್ರ ನೋಡಿದಂತೆ. ಹಾಗಂತ 'ಬಂಗಾರದ ಮನುಷ್ಯ'ವನ್ನು ಸಣ್ಣದು ಮಾಡಬೇಡಿ. ಲಕ್ಷಾಂತರ ಜನ ಅದನ್ನು ತಮ್ಮ ಎದೆಗೆ ಹಾಕಿಕೊಂಡರು ಎಂದರೆ, ಆ ಹಂಬಲವೂ ಒಂದು ದಾಖಲೆಯೇ.

ಇನ್ನೊಂದು ಜೋಡಿ ಹೇಳುತ್ತೇನೆ. ಹೆಣ್ಣಿನ ಬದುಕಿಗೆ 'ಶರಪಂಜರ' ಮತ್ತು 1977ರ 'ಘಟಶ್ರಾದ್ಧ'. ಒಂದು ಬಣ್ಣದಲ್ಲಿ, ಹಾಡುಗಳೊಂದಿಗೆ. ಇನ್ನೊಂದು ಗಿರೀಶ ಕಾಸರವಳ್ಳಿಯವರ ಕಪ್ಪು-ಬಿಳುಪು ಚಿತ್ರ, ವಿಧವೆಯೊಬ್ಬಳನ್ನು ಸಮಾಜ ಹೊರಹಾಕುವುದನ್ನು ಹುಡುಗನೊಬ್ಬನ ಕಣ್ಣಿನಿಂದ ನೋಡುವಂಥದು. 'ಘಟಶ್ರಾದ್ಧ'ದ ಪ್ರತಿಯನ್ನು ಹೊಸದಾಗಿ ಶುದ್ಧೀಕರಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಒಳ್ಳೆಯ ಪ್ರತಿ ಸಿಕ್ಕರೆ ಬಿಡಬೇಡಿ.

9. ಕಾಣದವರ ಪಟ್ಟಿ ಮಾಡಿ

ಮನೆಗೆಲಸದವಳಿಗೆ ಹೆಸರಿದೆಯೇ? ಮುಸ್ಲಿಂ, ಕ್ರೈಸ್ತ ಪಾತ್ರ ಬಂದರೆ ಯಾವ ಕೆಲಸಕ್ಕೆ ಬರುತ್ತದೆ? ಉತ್ತರ ಕರ್ನಾಟಕದ ಕನ್ನಡ ಹಾಸ್ಯಕ್ಕಲ್ಲದೆ ಬೇರೆಡೆ ಕೇಳಿಸುತ್ತದೆಯೇ? ಇಷ್ಟು ಕೇಳಿದರೆ ಸಾಕು, ಪಟ್ಟಿ ತಾನಾಗಿ ಉದ್ದವಾಗುತ್ತದೆ.

ಕಾಣದಿರುವುದರಲ್ಲಿ ಸಿನಿಮಾಗಳೂ ಸೇರಿವೆ. 'ಸತಿ ಸುಲೋಚನ'ದ ಪ್ರತಿ ಉಳಿದಿಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ. ಅಷ್ಟರೊಳಗೆ ಹೋದದ್ದು ಹೋಯಿತು. 1930 ಮತ್ತು 40ರ ದಶಕದ ಬಗ್ಗೆ ಮಾತಾಡುವಾಗ ಉಳಿದದ್ದನ್ನು ಮಾತ್ರ ನೋಡಿ ಹೇಳುತ್ತಿದ್ದೇವೆ ಎಂಬ ನೆನಪಿರಲಿ.

10. ಚಿತ್ರಮಂದಿರದಲ್ಲಿ ನೋಡಿದವರನ್ನು ಕೇಳಿ

ಇದನ್ನು ಮುಂದೂಡಬೇಡಿ. 1972ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. 'ಆಗಿನ ಕಾಲ ಹೇಗಿತ್ತು?' ಎಂದು ಕೇಳಿದರೆ 'ಚೆನ್ನಾಗಿತ್ತು' ಎಂದಷ್ಟೇ ಉತ್ತರ ಬರುತ್ತದೆ. ಸಣ್ಣ ಸಣ್ಣದಾಗಿ ಕೇಳಿ. ಟಿಕೆಟ್ ಎಷ್ಟಿತ್ತು? ಯಾರ ಜೊತೆ ಹೋದಿರಿ? ಹೆಂಗಸರಿಗೆ ಬೇರೆ ಸಾಲು ಇತ್ತೇ? ಟೆಂಟ್‌ನಲ್ಲಿ ನೋಡಿದ್ದೋ, ಟಾಕೀಸಿನಲ್ಲೋ? ಯಾವ ದೃಶ್ಯಕ್ಕೆ ಜನ ಶಿಳ್ಳೆ ಹೊಡೆದರು, ಯಾವುದಕ್ಕೆ ಅತ್ತರು? ಮನೆಗೆ ಬಂದ ಮೇಲೆ ಅದರ ಬಗ್ಗೆ ಜಗಳ ಆಯಿತೇ?

ಆ ಕೊನೆಯ ಪ್ರಶ್ನೆಯನ್ನು ಅಜ್ಜಿಯರಿಗೆ ತಪ್ಪದೆ ಕೇಳಿ. ಇಂದಿರಾ ಮೋಹನನನ್ನು ಬೇಡ ಎಂದದ್ದು ಸರಿಯೋ ತಪ್ಪೋ ಎಂದು ಅಂದು ಅವರ ಮನೆಯಲ್ಲಿ ಯಾರು ಏನು ಹೇಳಿದರು, ಅವರು ಆಗ ಏನು ಅಂದುಕೊಂಡರು, ಅದನ್ನು ಬಾಯಿಬಿಟ್ಟು ಹೇಳಲು ಆಗಿತ್ತೇ ಎಂದು ಕೇಳಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ, ತಿದ್ದದೆ, ಮೂರು ಇಸವಿ ಬರೆದ ಆ ಪುಟದಲ್ಲೇ ಬರೆದಿಡಿ.